ಡೌನ್ ಸಿಂಡ್ರೋಮ್ ಇರುವ ಮಗಳನ್ನು ಆಟಕ್ಕೆ ಕಳಿಸಬಹುದೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಮಗಳಿಗೆ 16 ವರ್ಷ, ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದೆ, ಬುದ್ಧಿಯ ಬೆಳವಣಿಗೆ ನಿಧಾನ. ಎಂಟನೇ ತರಗತಿವರೆಗೆ ಸರ್ಕಾರಿ ಶಾಲೆಗೆ ಹೋದಳು, ಈಗ ಮನೆಯಲ್ಲೇ ಇದ್ದಾಳೆ. ಇಡೀ ದಿನ ಟಿ.ವಿ., ಮೊಬೈಲು. ತೂಕ ಏರುತ್ತಲೇ ಇದೆ. ಶಾಲೆಗೆ ಬರುತ್ತಿದ್ದ ಬಿ.ಐ.ಇ.ಆರ್.ಟಿ. (ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕಿ) ಮೇಡಂ ಬೌದ್ಧಿಕ ವಿಕಲತೆ ಇರುವವರಿಗೆಂದೇ ಇರುವ ಸ್ಪೆಷಲ್ ಒಲಿಂಪಿಕ್ಸ್‌ಗೆ ಸೇರಿಸಿ ಅಂತಾರೆ. ನಮ್ಮ ಯಜಮಾನರು ‘ನಾಲ್ಕು ಜನರ ಮುಂದೆ ನಗೆಪಾಟಲು ಬೇಡ’ ಅಂತಾರೆ. ನನ್ನ ತಮ್ಮ ‘ಅಲ್ಲಿ ಓಡಿದವರಿಗೆಲ್ಲ ಪದಕ ಕೊಡ್ತಾರಂತೆ, ಅದೂ ಒಂದು ಆಟವೇ’ ಅಂತಾನೆ. ಅವಳಿಗೆ ಎರಡನೇ ವರ್ಷದಲ್ಲಿ ಹೃದಯದ ಆಪರೇಷನ್ ಆಗಿದೆ. ಕಳಿಸಬಹುದೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಕಳಿಸಬಹುದು ತಾಯಿ. ಆದರೆ ಮೊದಲು ಡಾಕ್ಟರು, ಆಮೇಲೆ ವಾರವಾರದ ಅಭ್ಯಾಸ, ಸ್ಪರ್ಧೆ ಕೊನೆಗೆ. ನಮ್ಮಲ್ಲಿ ಬಹಳಷ್ಟು ಕಡೆ ಇದು ತಲೆಕೆಳಗಾಗಿ ನಡೆಯುತ್ತದೆ. ಸ್ಪರ್ಧೆಯ ತಾರೀಕು ಗೊತ್ತಾದ ಮೇಲೆ ಮಕ್ಕಳನ್ನು ಹುಡುಕುತ್ತಾರೆ, ಹಿಂದಿನ ದಿನ ಟೀ ಶರ್ಟ್ ಕೊಡುತ್ತಾರೆ, ಬೆಳಿಗ್ಗೆ ಟೆಂಪೋ ಹತ್ತಿಸುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೃದಯದ ವಿಷಯ ಮೊದಲು. ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಚಿಕ್ಕಂದಿನಲ್ಲಿ ಆಪರೇಷನ್ ಆಗಿ ಚೆನ್ನಾಗಿರುವ ಎಷ್ಟೋ ಮಕ್ಕಳು ಓಡುತ್ತಾರೆ, ಈಜುತ್ತಾರೆ. ಆದರೆ ‘ಆಪರೇಷನ್ ಆಗಿದೆಯಲ್ಲ, ಎಲ್ಲ ಸರಿಹೋಗಿದೆ’ ಎಂದು ನಾವೇ ತೀರ್ಮಾನಿಸುವಂತಿಲ್ಲ. ಹಳೆಯ ಡಿಸ್ಚಾರ್ಜ್ ಸಮ್ಮರಿ ಹುಡುಕಿಟ್ಟುಕೊಳ್ಳಿ. ಆಪರೇಷನ್ ಮಾಡಿದ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯ ಹೃದ್ರೋಗ ತಜ್ಞರ ಹತ್ತಿರವೋ ಒಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಬರೀ ‘ಆಡಬಹುದಾ ಸಾರ್’ ಎಂದು ಕೇಳಿದರೆ ‘ಹೂಂ, ಆಡಲಿ’ ಎಂಬ ಉತ್ತರ ಬರುತ್ತದೆ. ‘ಐವತ್ತು ಮೀಟರ್ ಓಡಬಹುದೇ? ಅರ್ಧ ತಾಸು ಬಿರುಸಾಗಿ ನಡೆಯಬಹುದೇ? ಭಾರ ಎತ್ತಬಹುದೇ?’ ಎಂದು ಬಿಡಿಬಿಡಿಯಾಗಿ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಅದೇ ದಿನ ಥೈರಾಯ್ಡ್ ಪರೀಕ್ಷೆಗೂ ರಕ್ತ ಕೊಡಿಸಿ. ಈ ಮಕ್ಕಳಲ್ಲಿ ಥೈರಾಯ್ಡ್ ಕುಗ್ಗುವುದು ಸಾಮಾನ್ಯ. ತೂಕ ಏರಿ ಸದಾ ಸುಸ್ತು ಎನ್ನುವ ಹುಡುಗಿಯನ್ನು ಸೋಮಾರಿ ಅಂದುಕೊಳ್ಳುವ ಮೊದಲು ಆ ವರದಿ ಕೈಯಲ್ಲಿರಬೇಕು.

ಹೃದಯಕ್ಕಿಂತ ಹೆಚ್ಚಾಗಿ ತಂದೆತಾಯಿ ಕೇಳದೇ ಬಿಡುವುದು ಕುತ್ತಿಗೆಯ ವಿಷಯ. ಡೌನ್ ಸಿಂಡ್ರೋಮ್‌ನಲ್ಲಿ ಕೀಲುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳು ಸಡಿಲ. ಕೆಲವರಲ್ಲಿ ತಲೆಬುರುಡೆಯ ಕೆಳಗಿನ ಮೊದಲ ಎರಡು ಮೂಳೆಗಳ ನಡುವಿನ ಕೀಲೂ ಅಗತ್ಯಕ್ಕಿಂತ ಹೆಚ್ಚು ಜರುಗುತ್ತದೆ. ಕುತ್ತಿಗೆ ಜೋರಾಗಿ ಮುಂದಕ್ಕೋ ಹಿಂದಕ್ಕೋ ಬಾಗಿದರೆ ಬೆನ್ನುಹುರಿಗೆ ಪೆಟ್ಟಾಗುವ ಸಾಧ್ಯತೆ ಇರುತ್ತದೆ. ಹಿಂದೆ ಸ್ಪೆಷಲ್ ಒಲಿಂಪಿಕ್ಸ್‌ನವರು ಇಂಥ ಎಲ್ಲರಿಗೂ ಕುತ್ತಿಗೆಯ ಎಕ್ಸ್‌ರೇ ಕೇಳುತ್ತಿದ್ದರು. ಎಕ್ಸ್‌ರೇಯೊಂದರಿಂದಲೇ ಅಪಾಯ ಯಾರಿಗೆ ಎಂದು ಹೇಳಲಾಗದು ಎಂಬುದು ಸ್ಪಷ್ಟವಾದ ಮೇಲೆ ಈಗ ಲಕ್ಷಣಗಳಿಗೇ ಹೆಚ್ಚು ಒತ್ತು. ಕುತ್ತಿಗೆ ನೋವು, ತಲೆ ಒಂದು ಕಡೆಗೆ ವಾಲುವುದು, ಇತ್ತೀಚೆಗೆ ನಡಿಗೆ ಬದಲಾಗಿ ಎಡವುವುದು, ಕೈಯಿಂದ ಲೋಟ ಜಾರುವುದು, ಇಷ್ಟು ವರ್ಷ ಸರಿಯಿದ್ದವಳು ಬಟ್ಟೆಯಲ್ಲೇ ಮೂತ್ರ ಮಾಡಿಕೊಳ್ಳುವುದು — ಇವುಗಳಲ್ಲಿ ಒಂದು ಕಂಡರೂ ಆಟ ನಿಲ್ಲಿಸಿ, ನರರೋಗ ತಜ್ಞರಿಗೆ ತೋರಿಸಿ. ಲಕ್ಷಣ ಇಲ್ಲದಿದ್ದರೂ ಲಾಗ ಹಾಕುವುದು, ತಲೆ ಮುಂದಾಗಿ ನೀರಿಗೆ ಧುಮುಕುವುದು, ಎತ್ತರ ಜಿಗಿತ, ಫುಟ್‌ಬಾಲನ್ನು ತಲೆಯಿಂದ ಹೊಡೆಯುವುದು ಡಾಕ್ಟರ ಒಪ್ಪಿಗೆ ಇಲ್ಲದೆ ಬೇಡ. ಕಬಡ್ಡಿಯನ್ನು ನಾನೇ ಆ ಪಟ್ಟಿಗೆ ಸೇರಿಸುತ್ತೇನೆ. ಹಿಡಿತದ ಗದ್ದಲದಲ್ಲಿ ಯಾರ ಕೈ ಯಾರ ಕುತ್ತಿಗೆ ಮೇಲಿದೆ ಎಂದು ಯಾವ ರೆಫರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಸಂಗತಿ ದೈಹಿಕ ಶಿಕ್ಷಕರಿಗೂ ಗೊತ್ತಿರುವುದಿಲ್ಲ. ಡೌನ್ ಸಿಂಡ್ರೋಮ್ ಇರುವವರ ಹೃದಯ ಎಷ್ಟೇ ಶ್ರಮ ಮಾಡಿದರೂ ಬೇರೆಯವರಷ್ಟು ವೇಗಕ್ಕೆ ಏರುವುದಿಲ್ಲ. ನಿಮಿಷಕ್ಕೆ ಸುಮಾರು 25ರಿಂದ 30 ಬಡಿತ ಕಡಿಮೆಯೇ. ಅಂದರೆ ಗರಿಷ್ಠ ಬಡಿತ ತಿಳಿಯಲು 220ರಲ್ಲಿ ವಯಸ್ಸು ಕಳೆಯುವ ಜಿಮ್ ಲೆಕ್ಕ ಇವರಿಗೆ ಹೊಂದುವುದಿಲ್ಲ. ಕೈಗಡಿಯಾರ ನೋಡಿ ‘ಇನ್ನೂ ನಾಡಿ ಏರಿಲ್ಲ, ಓಡು’ ಎನ್ನುವ ಕೋಚ್ ಅವಳನ್ನು ದಣಿಸಿಬಿಡುತ್ತಾನೆ. ಅವಳ ಜೊತೆ ಮಾತಾಡುತ್ತಾ ನಡೆಯಿರಿ. ಮಾತು ಬರುತ್ತಿದೆ, ಹಾಡು ಹೇಳಲು ಆಗುತ್ತಿಲ್ಲ ಎಂದಾದರೆ ಶ್ರಮ ಹದವಾಗಿದೆ. ತುಟಿ ನೀಲಿಯಾದರೆ, ಎದೆ ಹಿಡಿದುಕೊಂಡರೆ, ಏನೂ ಹೇಳದೆ ಕೂತುಬಿಟ್ಟರೆ ಅಲ್ಲಿಗೆ ನಿಲ್ಲಿಸಿ. ನೋವು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಲು ಈ ಮಕ್ಕಳಿಗೆ ಕಷ್ಟ. ಕೂತುಬಿಡುವುದೇ ಅವರ ಮಾತು. ಅದನ್ನು ಹಟ ಎಂದು ಓದಬೇಡಿ.

ಈಗ ನಿಮ್ಮ ತಮ್ಮನ ಮಾತು. ಎಲ್ಲರಿಗೂ ಪದಕ ಎಂಬುದು ಅರ್ಧ ಸುಳ್ಳು. ಸ್ಪೆಷಲ್ ಒಲಿಂಪಿಕ್ಸ್ ಸ್ಪರ್ಧೆಯಲ್ಲಿ ಚಿನ್ನ, ಬೆಳ್ಳಿ, ಕಂಚು ಮೊದಲ ಮೂವರಿಗಷ್ಟೇ. ನಾಲ್ಕರಿಂದ ಎಂಟನೆಯವರಿಗೆ ರಿಬ್ಬನ್. ಹಾಗಿದ್ದೂ ಪದಕಗಳು ಇಷ್ಟೊಂದು ಕಾಣುವುದಕ್ಕೆ ಕಾರಣ ಅವರು ಗುಂಪು ಮಾಡುವ ರೀತಿ. ಅದನ್ನು ಡಿವಿಷನಿಂಗ್ ಎನ್ನುತ್ತಾರೆ. ಇಡೀ ವ್ಯವಸ್ಥೆಯ ಜಾಣತನ ಇರುವುದು ಅಲ್ಲೇ.

ಮಕ್ಕಳನ್ನು ಮೊದಲು ವಯಸ್ಸು, ಗಂಡು–ಹೆಣ್ಣು ಎಂದು ಬೇರೆ ಮಾಡುತ್ತಾರೆ. ಆಮೇಲೆ ಎಲ್ಲರನ್ನೂ ಒಮ್ಮೆ ಓಡಿಸಿ ಸಮಯ ಬರೆದುಕೊಳ್ಳುತ್ತಾರೆ. ಒಂದು ಗುಂಪಿನ ಅತಿ ವೇಗದವರಿಗೂ ಅತಿ ನಿಧಾನದವರಿಗೂ ನಡುವಿನ ಅಂತರ ಶೇ. 15 ದಾಟದಂತೆ ನೋಡಿಕೊಳ್ಳುವುದು ಅವರ ಮಾರ್ಗಸೂಚಿ. ಗುಂಪಿನಲ್ಲಿ ಮೂವರಿಗಿಂತ ಕಡಿಮೆ ಇರಬಾರದು, ಎಂಟಕ್ಕಿಂತ ಹೆಚ್ಚು ಇರಬಾರದು. ಲೆಕ್ಕ ಹಾಕಿ ನೋಡಿ: ಒಬ್ಬಳು ಐವತ್ತು ಮೀಟರನ್ನು 10 ಸೆಕೆಂಡಿಗೆ ಓಡಿದರೆ ಅವಳ ಜೊತೆ ಫೈನಲ್‌ನಲ್ಲಿ ನಿಲ್ಲುವವರು ಹೆಚ್ಚೆಂದರೆ 11.5 ಸೆಕೆಂಡಿನವರು. 18 ಸೆಕೆಂಡಿನವಳಿಗೆ ಬೇರೆ ಗುಂಪು, ಅಲ್ಲಿ ಅವಳ ಸಮಕ್ಕೆ ಓಡುವವರೇ ಇರುತ್ತಾರೆ. ಕೊನೆಯ ಹತ್ತು ಮೀಟರಿನವರೆಗೆ ಯಾರು ಗೆಲ್ಲುತ್ತಾರೆ ಎಂದು ಯಾರಿಗೂ ತಿಳಿದಿರುವುದಿಲ್ಲ. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಹಾಕುವುದಿಲ್ಲವೇ ಎಂದು ತಮ್ಮನನ್ನು ಕೇಳಿ. ಹಾವೇರಿ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಮೋಸಕ್ಕೂ ಅಲ್ಲಿ ಬೀಗವಿದೆ. ಪ್ರಾಥಮಿಕ ಓಟದಲ್ಲಿ ಬೇಕೆಂದೇ ನಿಧಾನ ಓಡಿ, ಸುಲಭದ ಗುಂಪು ಗಿಟ್ಟಿಸಿಕೊಂಡು, ಫೈನಲ್‌ನಲ್ಲಿ ನಿಗದಿತ ಮಿತಿಗಿಂತ ಹೆಚ್ಚು ಸುಧಾರಿಸಿದರೆ ಅನರ್ಹಗೊಳಿಸಬಹುದು. ಇಂಥ ಉಪಾಯ ಮಾಡುವುದು ಮಕ್ಕಳಲ್ಲ, ದೊಡ್ಡವರು.

ಅಂತರರಾಷ್ಟ್ರೀಯ ಕೂಟಗಳಿಗೆ ಆಯ್ಕೆ ನಡೆಯುವ ರೀತಿಯೂ ಬೇರೆ. ಗುಂಪು ಯಾವುದೇ ಇರಲಿ, ಅದರಲ್ಲಿ ಮೊದಲು ಬಂದವರು ಅರ್ಹರು. ಅರ್ಹರ ಸಂಖ್ಯೆ ಜಾಗಕ್ಕಿಂತ ಹೆಚ್ಚಿದ್ದರೆ ಚೀಟಿ ಎತ್ತುವುದು ನಿಯಮ. ಹೀಗಾಗಿ ದೇಶದ ಅತಿ ವೇಗದ ಹುಡುಗಿಗೆ ಇರುವಷ್ಟೇ ಅವಕಾಶ ನಿಧಾನ ಗುಂಪಿನಲ್ಲಿ ಗೆದ್ದವಳಿಗೂ ಇದೆ. 2023ರ ಜೂನ್‌ನಲ್ಲಿ ಬರ್ಲಿನ್‌ನಲ್ಲಿ ನಡೆದ ಬೇಸಿಗೆ ವಿಶ್ವಕೂಟದಲ್ಲಿ ಭಾರತ 202 ಪದಕ ತಂದಿತು, ಅದರಲ್ಲಿ 76 ಚಿನ್ನ. ಈ ಸಂಖ್ಯೆಯನ್ನು ಒಲಿಂಪಿಕ್ಸ್ ಪದಕಗಳ ಪಕ್ಕದಲ್ಲಿಟ್ಟು ಹೋಲಿಸುವವರು ಆಟದ ನಿಯಮವನ್ನೇ ತಿಳಿಯದವರು. ಹೊಗಳುವವರಲ್ಲೂ ಅಂಥವರಿದ್ದಾರೆ, ಹಂಗಿಸುವವರಲ್ಲೂ ಇದ್ದಾರೆ.

ವಿಕಲಚೇತನರ ಒಲಿಂಪಿಕ್ಸ್ ಎನಿಸಿದ ಪ್ಯಾರಾಲಿಂಪಿಕ್ಸ್ ಬೇರೆಯೇ ದಾರಿ. ಅಲ್ಲಿ ಬೌದ್ಧಿಕ ವಿಕಲತೆ ಇರುವವರಿಗೆ ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್ ಈ ಮೂರರಲ್ಲಿ ಮಾತ್ರ ಜಾಗ, ಅದೂ ಕೆಲವೇ ಸ್ಪರ್ಧೆಗಳಲ್ಲಿ. 2000ದ ಸಿಡ್ನಿಯಲ್ಲಿ ಸ್ಪೇನಿನ ಬಾಸ್ಕೆಟ್‌ಬಾಲ್ ತಂಡದ ಹನ್ನೆರಡರಲ್ಲಿ ಹತ್ತು ಮಂದಿಗೆ ಯಾವ ವಿಕಲತೆಯೂ ಇರಲಿಲ್ಲ ಎಂದು ಬಯಲಾದ ಮೇಲೆ ಈ ವರ್ಗವನ್ನೇ ಹೊರಗಿಟ್ಟಿದ್ದರು. ಮತ್ತೆ ಒಳಗೆ ಬಿಟ್ಟದ್ದು 2012ರ ಲಂಡನ್‌ನಲ್ಲಿ. ತಪ್ಪು ಮಾಡಿದವರು ಯಾರೋ, ಹನ್ನೆರಡು ವರ್ಷ ಮೈದಾನ ಕಳೆದುಕೊಂಡವರು ಇನ್ಯಾರೋ. 2024ರ ಪ್ಯಾರಿಸ್‌ನಲ್ಲಿ ತೆಲಂಗಾಣದ ದೀಪ್ತಿ ಜೀವಾಂಜಿ 400 ಮೀಟರನ್ನು 55.82 ಸೆಕೆಂಡಿನಲ್ಲಿ ಓಡಿ ಕಂಚು ಗೆದ್ದರು. ಬೌದ್ಧಿಕ ವಿಕಲತೆ ಇರುವ ಭಾರತೀಯರೊಬ್ಬರು ಅಲ್ಲಿ ಪದಕ ಗೆದ್ದದ್ದು ಅದೇ ಮೊದಲು. ಅವರಿಗೆ ಡೌನ್ ಸಿಂಡ್ರೋಮ್ ಇಲ್ಲ. ಸಡಿಲ ಕೀಲು, ಮೃದು ಸ್ನಾಯುಗಳ ಹುಡುಗಿಯನ್ನು ಅವರ ಜೊತೆ ಒಂದೇ ಗೆರೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ಡೌನ್ ಸಿಂಡ್ರೋಮ್‌ಗೆ ಪ್ರತ್ಯೇಕ ವರ್ಗ ಇನ್ನೂ ಇಲ್ಲ. ನಿಮ್ಮ ಮಗಳಿಗೆ ಸದ್ಯಕ್ಕೆ ಹೊಂದುವುದು ಸ್ಪೆಷಲ್ ಒಲಿಂಪಿಕ್ಸ್ ಮಾದರಿಯೇ. ಸ್ಪರ್ಧೆಗೆ ಎಂಟು ವರ್ಷ ತುಂಬಿರಬೇಕು, ಮೇಲಿನ ವಯಸ್ಸಿಗೆ ಮಿತಿಯಿಲ್ಲ. 16 ಎಂದರೆ ತಡವಾಯಿತು ಅಂದುಕೊಳ್ಳಬೇಡಿ.

ಈಗ ಟೆಂಪೋ ಕಥೆ. ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನ. ಜಿಲ್ಲಾ ಕ್ರೀಡಾಂಗಣದಲ್ಲಿ ಶಾಮಿಯಾನ, ಅತಿಥಿಗಳು ಬರುವ ತನಕ ಬಿಸಿಲಲ್ಲಿ ಕಾಯುವ ಮಕ್ಕಳು, ಭಾಷಣ, ಆಮೇಲೆ ಒಂದು ಓಟ, ಒಂದು ಮ್ಯೂಸಿಕಲ್ ಚೇರ್. ಎಲ್ಲ ಬಗೆಯ ವಿಕಲತೆಯವರೂ ಒಂದೇ ಸಾಲಿನಲ್ಲಿ. ಕಿವಿ ಕೇಳದ ಗಟ್ಟಿ ಹುಡುಗ ಮೊದಲು ಬರುತ್ತಾನೆ, ನಮ್ಮ ಮಕ್ಕಳು ಅರ್ಧದಲ್ಲಿ ನಿಂತು ಅಮ್ಮನನ್ನು ಹುಡುಕುತ್ತಾರೆ. ಸ್ಟೀಲ್ ಡಬ್ಬಿ ಬಹುಮಾನ ಹಿಡಿದು ಮನೆಗೆ ಬಂದರೆ ಮುಂದಿನ ಡಿಸೆಂಬರ್‌ವರೆಗೆ ಯಾರೂ ಕೇಳುವುದಿಲ್ಲ. ಇಂಥ ದಿನಗಳಿಗೆ ನಾನು ವಿರೋಧಿಯಲ್ಲ. ಅದನ್ನು ಕ್ರೀಡಾ ಕಾರ್ಯಕ್ರಮ ಎಂದು ಕರೆಯುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಸ್ಪರ್ಧೆಗೆ ಮುಂಚೆ ಕನಿಷ್ಠ ಎಂಟು ವಾರ ತರಬೇತಿ ಆಗಿರಬೇಕು ಎಂದು ಸ್ಪೆಷಲ್ ಒಲಿಂಪಿಕ್ಸ್ ನಿಯಮವೇ ಹೇಳುತ್ತದೆ. ಅಮೆರಿಕದಲ್ಲಿ ಯೂನಿಸ್ ಕೆನಡಿ ಶ್ರೈವರ್ ಎಂಬವರು 1962ರಲ್ಲಿ ತಮ್ಮ ಮನೆಯಂಗಳದಲ್ಲೇ ಇಂಥ ಮಕ್ಕಳಿಗೆ ಬೇಸಿಗೆ ಶಿಬಿರ ಶುರು ಮಾಡಿದರು, ಶಿಕಾಗೊದಲ್ಲಿ ಮೊದಲ ಕೂಟ ನಡೆದದ್ದು 1968ರಲ್ಲಿ. ಅಂಗಳ ಮೊದಲು ಬಂತು, ಕ್ರೀಡಾಂಗಣ ಆರು ವರ್ಷ ಆದ ಮೇಲೆ. ನಿಮ್ಮ ಊರಿಗೂ ಬೇಕಾದದ್ದು ಅಂಗಳವೇ.

ಅದನ್ನು ಕಟ್ಟುವುದು ಹೇಗೆ? ಮೊದಲು ಇನ್ನೂ ನಾಲ್ಕೈದು ಮಕ್ಕಳನ್ನು ಹುಡುಕಿ. ಬಿ.ಐ.ಇ.ಆರ್.ಟಿ. ಮೇಡಂ ಹತ್ತಿರ ತಾಲ್ಲೂಕಿನ ಪಟ್ಟಿ ಇರುತ್ತದೆ. ಶಾಲೆ ಬಿಟ್ಟವರ, ದೊಡ್ಡವರಾದವರ ಮನೆ ಗೊತ್ತಿರುವುದು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. ಮತ್ತು ತಾಲ್ಲೂಕಿನ ಎಂ.ಆರ್.ಡಬ್ಲ್ಯೂ. ಎಂಬ ಪುನರ್ವಸತಿ ಕಾರ್ಯಕರ್ತರಿಗೆ. ಮಾಸಾಶನದ ಕೆಲಸಕ್ಕೆ ನೀವು ಅವರನ್ನು ನೋಡಿಯೇ ಇರುತ್ತೀರಿ. ಜಾಗಕ್ಕೆ ಸರ್ಕಾರಿ ಹೈಸ್ಕೂಲ್ ಮೈದಾನ ಸಾಕು. ಭಾನುವಾರ ಬೆಳಿಗ್ಗೆ ಏಳರಿಂದ ಎಂಟೂವರೆ, ಜೊತೆಗೆ ವಾರದ ನಡುವೆ ಇನ್ನೊಂದು ದಿನ. ಶಾಲೆಯ ಪಿ.ಟಿ. ಮೇಷ್ಟ್ರನ್ನು ಬಾಯಿಮಾತಲ್ಲಿ ಕೇಳದೆ ಮುಖ್ಯೋಪಾಧ್ಯಾಯರ ಮೂಲಕ ಪತ್ರ ಕೊಟ್ಟು ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಕಲಮು ವಿಕಲಚೇತನರು ಕ್ರೀಡೆಯಲ್ಲಿ ಪಾಲ್ಗೊಳ್ಳಲು ಸರ್ಕಾರ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ಪತ್ರದಲ್ಲಿ ಆ ಒಂದು ಸಾಲು ಇರಲಿ, ಜಗಳಕ್ಕಲ್ಲ, ಅನುಮತಿ ಕೊಡುವವರಿಗೆ ಧೈರ್ಯ ಬರಲಿ ಎಂದು. ಡಿಗ್ರಿ ಕಾಲೇಜಿನ ಎನ್.ಎಸ್.ಎಸ್. ಹುಡುಗ ಹುಡುಗಿಯರು ಜೊತೆಗಾರರಾಗಿ ಬಂದರೆ ಅರ್ಧ ಕೆಲಸ ಆದಂತೆ.

ಆ ಜೊತೆಗಾರರು ಬರೀ ಸ್ವಯಂಸೇವಕರಾಗಿ ನೀರು ಹಂಚುತ್ತಾ ನಿಲ್ಲಬಾರದು, ಆಡಬೇಕು. ಯೂನಿಫೈಡ್ ಸ್ಪೋರ್ಟ್ಸ್ ಎಂಬ ಪದ್ಧತಿಯಲ್ಲಿ ಬೌದ್ಧಿಕ ವಿಕಲತೆ ಇರುವವರೂ ಇಲ್ಲದವರೂ ಒಂದೇ ತಂಡ. ಬಾಸ್ಕೆಟ್‌ಬಾಲ್‌ನಲ್ಲಾದರೆ ಅಂಕಣದ ಐವರಲ್ಲಿ ಮೂವರು ನಮ್ಮ ಮಕ್ಕಳು, ಇಬ್ಬರು ಜೊತೆಗಾರರು. ಜೊತೆಗಾರ ತಾನೇ ಚೆಂಡು ಹಿಡಿದು ಮೆರೆದರೆ ಅವನನ್ನು ಹೊರಗೆ ಕೂರಿಸಬೇಕು. ಬೇಕೆಂದೇ ಸೋತುಕೊಟ್ಟರೂ ಕೂರಿಸಬೇಕು. ಸುಮ್ಮನೆ ಗೆಲ್ಲಿಸಿದ್ದು ಮಕ್ಕಳಿಗೆ ಗೊತ್ತಾಗುತ್ತದೆ. ಆ ಮುಖ ನಾನು ನೋಡಿದ್ದೇನೆ.

ಆಟ ಯಾವುದು? ನಿಮ್ಮ ಮಗಳಿಗೆ ನನ್ನ ಸಲಹೆ ಮೊದಲ ಎರಡು ತಿಂಗಳು ಬಿರುನಡಿಗೆ, ಟೆನಿಸ್ ಬಾಲ್ ಎಸೆತ ಮತ್ತು ಬೋಚಿ. ಬೋಚಿ ಇಟಲಿಯ ಆಟ, ನಮ್ಮ ಗೋಲಿಯಾಟದ ದೊಡ್ಡಣ್ಣ. ಮೊದಲು ಒಂದು ಚಿಕ್ಕ ಚೆಂಡು ಉರುಳಿಸಿ, ಆಮೇಲೆ ಎರಡು ಕಡೆಯವರೂ ನಾಲ್ಕು ನಾಲ್ಕು ದೊಡ್ಡ ಚೆಂಡುಗಳನ್ನು ಅದರ ಹತ್ತಿರಕ್ಕೆ ಉರುಳಿಸುತ್ತಾರೆ. ಅಂಕಣ 60 ಅಡಿ ಉದ್ದ, 12 ಅಡಿ ಅಗಲ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದರೆ ಆಯಿತು. ಕುತ್ತಿಗೆಗೆ, ಹೃದಯಕ್ಕೆ ಅಪಾಯವಿಲ್ಲ, ಸರದಿ ಕಾಯುವುದು ಕಲಿಯುತ್ತಾರೆ, ಅಪ್ಪಂದಿರೂ ಬಂದು ಆಡಬಹುದು. ಪ್ಯಾರಾಲಿಂಪಿಕ್ಸ್‌ನ ಬೋಚಿಯಾ ಎಂಬ ಆಟವೇ ಬೇರೆ, ಚೆಂಡು ತರಿಸುವಾಗ ಗೊಂದಲ ಮಾಡಿಕೊಳ್ಳಬೇಡಿ. ಗಾಲಿಕುರ್ಚಿಯಲ್ಲೇ ಇರುವ, ಕೈ ಎತ್ತುವುದೂ ಕಷ್ಟವಾದ ಮಗು ನಿಮ್ಮ ಗುಂಪಿಗೆ ಬಂದರೆ ಅದಕ್ಕೂ ಚಟುವಟಿಕೆಗಳ ಪ್ರತ್ಯೇಕ ಕ್ರಮವೊಂದಿದೆ. ಯಾರನ್ನೂ ವಾಪಸ್ ಕಳಿಸುವ ಅಗತ್ಯವಿಲ್ಲ.

ಕಲಿಸುವಾಗ ಬಾಯಿಗಿಂತ ಕೈ ಕಾಲು ಮುಂದಿರಲಿ. ‘ಗೆರೆ ಮೇಲೆ ನಿಂತ್ಕೋ, ಸೀಟಿ ಊದಿದ ತಕ್ಷಣ ಓಡು, ಆಚೆ ಈಚೆ ನೋಡಬೇಡ’ ಎಂದರೆ ಮೂರು ಆಜ್ಞೆ ಆಯಿತು, ಅವಳ ತಲೆಯಲ್ಲಿ ಉಳಿಯುವುದು ಕೊನೆಯದೋ ಮೊದಲನೆಯದೋ. ನೀವೇ ಮಾಡಿ ತೋರಿಸಿ, ಒಂದೇ ಮಾತು ಹೇಳಿ, ಸುಮ್ಮನೆ ಕಾಯಿರಿ. ಬಹುತೇಕ ಕೋಚ್‌ಗಳಿಗೆ ಈ ಕಾಯುವುದು ಬರುವುದಿಲ್ಲ. ಹತ್ತು ಸೆಕೆಂಡು ಬಿಟ್ಟರೆ ಅವಳೇ ಮಾಡುತ್ತಿದ್ದುದನ್ನು ಎರಡನೇ ಸೆಕೆಂಡಿಗೆ ಕೈ ಹಿಡಿದು ಮಾಡಿಸಿಬಿಡುತ್ತಾರೆ. ಪ್ರತಿ ಸಲ ಅದೇ ಕ್ರಮ ಇರಲಿ: ಒಂದು ಸುತ್ತು ನಡಿಗೆ, ಮೈ ಸಡಿಲಿಸುವುದು, ಎಸೆತ, ಆಟ, ನೀರು, ಚಪ್ಪಾಳೆ, ಮನೆ. ಓಟ ಕಲಿಸುವಾಗ ಒಂದು ತಮಾಷೆ ನಡೆಯುತ್ತದೆ. ಜನ ಚಪ್ಪಾಳೆ ತಟ್ಟಿದ ಕೂಡಲೇ ಓಟ ಮುಗಿಯಿತೆಂದು ನಿಲ್ಲುವವರು, ಹಿಂದೆ ಬಿದ್ದ ಗೆಳತಿಗಾಗಿ ಕಾಯುವವರು, ಗೆರೆಯ ಮುಂದೆ ಬ್ರೇಕ್ ಹಾಕುವವರು ಇರುತ್ತಾರೆ. ಮುಗಿಯುವ ಗೆರೆಯಿಂದ ಐದು ಮೀಟರ್ ಆಚೆ ಅವಳಿಗೆ ಇಷ್ಟವಾದವರೊಬ್ಬರನ್ನು ನಿಲ್ಲಿಸಿ, ಅವರನ್ನು ಮುಟ್ಟಬೇಕು ಎಂದು ಕಲಿಸಿ. ಗೆಳತಿಗೆ ಕಾಯುವುದನ್ನು ಬಿಡಿಸುವುದು ಮಾತ್ರ ಕಷ್ಟ. ಬಿಡಿಸಲೇಬೇಕೇ ಎಂಬ ಅನುಮಾನ ನನಗೂ ಇದೆ.

ತೂಕದ ಬಗ್ಗೆ ಒಂದೇ ಮಾತು: ವಾರಕ್ಕೆರಡು ದಿನದ ಆಟದಿಂದ ತೂಕ ಇಳಿಯುವುದಿಲ್ಲ. ರಾತ್ರಿಯ ಅನ್ನ, ಟಿ.ವಿ. ಮುಂದಿನ ಚುರುಮುರಿ ಕಡಿಮೆಯಾಗಬೇಕು, ದಿನಾ ನಡಿಗೆ ಬೇಕು. ಆಟದಿಂದ ಸಿಗುವುದು ಹೊರಗೆ ಹೋಗಲು ಒಂದು ಕಾರಣ, ಬಲಗೊಳ್ಳುವ ಕಾಲು, ಒಳ್ಳೆಯ ನಿದ್ದೆ.

ಯಜಮಾನರ ಆತಂಕ ಹುಸಿಯಲ್ಲ. ಮೊದಲ ವಾರ ಮೈದಾನದ ಗೋಡೆ ಮೇಲೆ ಕೂತ ಹುಡುಗರು ನಗುತ್ತಾರೆ. ಅವರನ್ನು ಬೈಯುವ ಬದಲು ಒಳಗೆ ಕರೆದು ಚೆಂಡು ಹೆಕ್ಕುವ ಕೆಲಸ ಕೊಡಿ, ಮುಂದಿನ ತಿಂಗಳು ಅವರಲ್ಲೇ ಇಬ್ಬರು ಜೊತೆಗಾರರಾಗುತ್ತಾರೆ. ಯಜಮಾನರನ್ನು ನೋಡಲು ಕರೆಯಬೇಡಿ, ಕೆಲಸಕ್ಕೆ ಕರೆಯಿರಿ. ಸುಣ್ಣದ ಗೆರೆ ಹಾಕುವುದು, ಸ್ಟಾಪ್‌ವಾಚ್ ಹಿಡಿಯುವುದು ಅವರದಾಗಲಿ. ಮಗಳ ಸಮಯವನ್ನು ತನ್ನ ಕೈಯಾರೆ ಪುಸ್ತಕದಲ್ಲಿ ಬರೆಯುವ ಅಪ್ಪನಿಗೆ ಮುಂದಿನ ವಾರದ ಸಮಯ ಎಷ್ಟು ಎಂಬ ಕುತೂಹಲ ಹುಟ್ಟುತ್ತದೆ.

ಹೆಣ್ಣುಮಗು ಎಂದ ಮೇಲೆ ಸುರಕ್ಷತೆ ಬಿಡುವಂತಿಲ್ಲ. ಯಾವ ಕೋಚ್ ಕೂಡ, ಎಷ್ಟೇ ಒಳ್ಳೆಯವನಾಗಿರಲಿ, ಮಗುವಿನ ಜೊತೆ ಒಬ್ಬನೇ ಇರುವಂತಾಗಬಾರದು. ಬಟ್ಟೆ ಬದಲಿಸಲು, ಶೌಚಕ್ಕೆ ಹೆಂಗಸರೇ ಜೊತೆಗಿರಲಿ. ಮುಟ್ಟಿನ ದಿನಗಳಲ್ಲಿ ಅವಳಿಗೆ ಮನಸ್ಸಿದ್ದರೆ ಆಡಬಹುದು, ಮೈದಾನದಲ್ಲಿ ಬದಲಿಸಿಕೊಳ್ಳಲು ಜಾಗ ಇದೆಯೇ ಎಂದು ಮೊದಲೇ ನೋಡಿಡಿ. ಈ ಮಕ್ಕಳು ಸಿಕ್ಕವರನ್ನೆಲ್ಲ ಅಪ್ಪಿಕೊಳ್ಳುತ್ತಾರೆ, ನಾವೂ ‘ಎಷ್ಟು ಮುಗ್ಧ’ ಎಂದು ಸಂತೋಷಪಡುತ್ತೇವೆ. ಹದಿನಾರಕ್ಕೆ ಅದು ನಿಲ್ಲಬೇಕು. ಗೆದ್ದಾಗ ಕೈ ಕುಲುಕುವುದನ್ನು ಕಲಿಸಿ, ಇಷ್ಟವಿಲ್ಲದಿದ್ದರೆ ‘ಬೇಡ’ ಎಂದು ಜೋರಾಗಿ ಹೇಳುವುದನ್ನೂ ಅಭ್ಯಾಸ ಮಾಡಿಸಿ.

ಕಾಗದಪತ್ರ ದೊಡ್ಡ ಕೆಲಸವೇನಲ್ಲ. ಯು.ಡಿ.ಐ.ಡಿ. ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಆಧಾರ್, ಫೋಟೊ, ಡಾಕ್ಟರು ತುಂಬಿದ ಆರೋಗ್ಯದ ಫಾರಂ ಇಟ್ಟುಕೊಳ್ಳಿ. ಕಾರ್ಡ್‌ನಲ್ಲಿ ಬೌದ್ಧಿಕ ವಿಕಲತೆ ಎಂದು ನಮೂದಾಗಿರಬೇಕು. ಬರೀ ಕಲಿಕಾ ನ್ಯೂನತೆಯೋ ದೈಹಿಕ ವಿಕಲತೆಯೋ ಇದ್ದವರಿಗೆ ಈ ದಾರಿ ಇಲ್ಲ. ನಮ್ಮ ದೇಶದಲ್ಲಿ ಇದನ್ನು ನಡೆಸುವುದು ಸ್ಪೆಷಲ್ ಒಲಿಂಪಿಕ್ಸ್ ಭಾರತ್. 2001ರಲ್ಲಿ ನೋಂದಣಿಯಾದ ಈ ಸಂಸ್ಥೆಗೆ ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ಇದೆ, ಕರ್ನಾಟಕದಲ್ಲೂ ಘಟಕ ಇದೆ. ಅವರ ಕೂಟಗಳಿಗೆ ಹೋದಾಗ ಹೆಲ್ತಿ ಅಥ್ಲೀಟ್ಸ್ ಎಂಬ ತಪಾಸಣೆ ನಡೆಯುತ್ತಿದೆಯೇ ಎಂದು ತಪ್ಪದೆ ಕೇಳಿ. ಕಣ್ಣು, ಕಿವಿ, ಹಲ್ಲು, ಪಾದ ನೋಡುತ್ತಾರೆ. ಡೌನ್ ಸಿಂಡ್ರೋಮ್‌ನಲ್ಲಿ ದೃಷ್ಟಿದೋಷ, ಕಿವಿ ಮಂದವಾಗುವುದು ಎರಡೂ ಸಾಮಾನ್ಯ, ಮನೆಯಲ್ಲಿ ಗೊತ್ತೇ ಆಗಿರುವುದಿಲ್ಲ. ಹೇಳಿದ ಮಾತು ಕೇಳುವುದಿಲ್ಲ ಎಂದು ಬೈಸಿಕೊಂಡ ಮಗುವಿಗೆ ನಿಜಕ್ಕೂ ಕಿವಿಯೇ ಕೇಳಿಸದಿರಬಹುದು.

‘ವಿದೇಶಕ್ಕೆ ಆಯ್ಕೆ ಮಾಡಿಸುತ್ತೇನೆ, ಇಷ್ಟು ಕೊಡಿ’ ಎಂದು ಯಾರಾದರೂ ಬಂದರೆ ಬಾಗಿಲಿಂದಲೇ ಕಳಿಸಿ. ಚೀಟಿ ಎತ್ತಿ ನಡೆಯುವ ಆಯ್ಕೆಯಲ್ಲಿ ಮಾರಲು ಅವರ ಹತ್ತಿರ ಏನೂ ಇರುವುದಿಲ್ಲ. ಹಾವೇರಿಗೋ ಹುಬ್ಬಳ್ಳಿಗೋ ಕೂಟಕ್ಕೆ ಹೋಗಬೇಕಾದರೆ ನಿಮ್ಮಿಬ್ಬರಿಗೂ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಒಳ್ಳೆಯ ಶೂ ಒಂದಕ್ಕೆ ಮಾತ್ರ ಹಣ ಎತ್ತಿಡಿ. ಡೌನ್ ಸಿಂಡ್ರೋಮ್‌ನಲ್ಲಿ ಪಾದ ಚಪ್ಪಟೆ, ಅಗಲ, ಗಿಡ್ಡ. ಆನ್‌ಲೈನಿನಲ್ಲಿ ಸೈಜ್ ನೋಡಿ ತರಿಸಬೇಡಿ, ಸಂಜೆ ಹೊತ್ತು ಅಂಗಡಿಗೆ ಕರೆದುಕೊಂಡು ಹೋಗಿ ಹಾಕಿಸಿ, ಅಲ್ಲೇ ನಾಲ್ಕು ಹೆಜ್ಜೆ ನಡೆಸಿ ನೋಡಿ. ಲೇಸ್ ಕಟ್ಟಲು ಬಾರದಿದ್ದರೆ ವೆಲ್ಕ್ರೋ ಇರುವುದನ್ನೇ ಕೊಡಿಸಿ.